ಸನ್ನತಿಯ ಚಂದ್ರಲಾಂಬೆ: ಪೀಠದ ಕಲ್ಲಿನಲ್ಲಿದ್ದ ಅಶೋಕ

1986ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿ ಗ್ರಾಮದಲ್ಲಿ ಕಾಳಿಯ ಹಳೆಯ ಗುಡಿಯ ಚಾವಣಿ ಕುಸಿದುಬಿತ್ತು. ಒಳಗಿದ್ದ ವಿಗ್ರಹ ಭಗ್ನವಾಯಿತು. ಊರಿನವರಿಗೆ ಅದು ಅಶುಭದ ಸುದ್ದಿ. ಆದರೆ ವಿಗ್ರಹವನ್ನು ನಿಲ್ಲಿಸಿದ್ದ ಪೀಠದ ಕಲ್ಲನ್ನು ಪರಿಶೀಲಿಸಿದಾಗ ಅದರ ಎರಡೂ ಮೈಗಳ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡವು. ಓದಿದಾಗ ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಮೌರ್ಯ ಚಕ್ರವರ್ತಿ ಅಶೋಕನ ಶಾಸನವೆಂದು ತಿಳಿಯಿತು. ಶತಮಾನಗಳ ಕಾಲ ಹೂವು, ಕುಂಕುಮ, ಎಣ್ಣೆಗಳ ನಡುವೆ ಯಾರ ಕಣ್ಣಿಗೂ ಬೀಳದೆ ಇದ್ದ ಬರಹ, ಗುಡಿ ಬಿದ್ದಾಗ ಹೊರಬಂತು.

ಈ ಸಂಗತಿ ಪತ್ರಿಕೆಗಳಲ್ಲಿ ಬಂದು ಪಠ್ಯಪುಸ್ತಕಗಳನ್ನೂ ಸೇರಿದೆ. ಆದರೂ ಸನ್ನತಿಯ ಬಗೆಗಿನ ಮಾತು ಸಾಮಾನ್ಯವಾಗಿ ಎರಡು ಪಾಲಾಗಿಬಿಡುತ್ತದೆ. ಭಕ್ತರ ಸನ್ನತಿ ಒಂದು, ಇತಿಹಾಸಕಾರರ ಸನ್ನತಿ ಇನ್ನೊಂದು. ಒಬ್ಬರಿಗೆ ಅದು ಚಂದ್ರಲಾಂಬೆಯ ಕ್ಷೇತ್ರ, ಜಾತ್ರೆಯ ಊರು. ಇನ್ನೊಬ್ಬರಿಗೆ ಅದು ಸ್ತೂಪಗಳ, ಶಾಸನಗಳ ಊರು. ನಿಜಕ್ಕೆ ಇವೆರಡೂ ಒಂದೇ ನೆಲದ ಕಥೆ. ಗುಡಿಯನ್ನು ಬಿಟ್ಟು ಶಾಸನದ ಕಥೆ ಹೇಳಲು ಬರುವುದಿಲ್ಲ. ಶಾಸನವನ್ನು ಬಿಟ್ಟರೆ ಗುಡಿಯ ಕಥೆಯೂ ಅರ್ಧವಾಗುತ್ತದೆ.

ನದಿಯ ಎಡದಂಡೆಯ ಊರು

ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿ ಪಂಢರಪುರವನ್ನು ದಾಟಿ ಕರ್ನಾಟಕಕ್ಕೆ ಬರುತ್ತದೆ. ಅಫಜಲಪುರ ತಾಲ್ಲೂಕಿನಲ್ಲಿ ದತ್ತಾತ್ರೇಯ ಕ್ಷೇತ್ರ ಗಾಣಗಾಪುರವನ್ನು ಕಂಡು ಆಗ್ನೇಯಕ್ಕೆ ಹರಿಯುತ್ತದೆ. ಮುಂದೆ ಇಜೇರಿಯಂಥ ಹಳ್ಳಿಗಳಿರುವ ಜೇವರ್ಗಿ ಸೀಮೆ ಅದರ ಬಲಕ್ಕೆ ಉಳಿದರೆ ಚಿತ್ತಾಪುರ ಸೀಮೆ ಎಡಕ್ಕೆ ಉಳಿಯುತ್ತದೆ. ಜೋಳ, ತೊಗರಿ ಬೆಳೆಯುವ ಕಪ್ಪು ಎರೆನೆಲ. ನೆಲದಡಿಯಲ್ಲಿ ಶಹಾಬಾದ್ ಕಲ್ಲು ಎಂದು ದೇಶದ ಮನೆಮನೆಯ ನೆಲಹಾಸಿಗೂ ಹೋಗಿರುವ ಸುಣ್ಣಕಲ್ಲಿನ ಪದರ. ಎಡದಂಡೆಯಲ್ಲಿ ಕಾಗಿಣಾ ನದಿ ಬಂದು ಭೀಮೆಯನ್ನು ಸೇರುವ ಹೊನಗುಂಟಾ ಇದೆ. ಅದೇ ದಂಡೆಯಲ್ಲಿ ಇನ್ನಷ್ಟು ಕೆಳಗೆ ಸನ್ನತಿ.

ನದಿ, ಕಲ್ಲು, ಎರೆನೆಲ ಈ ಮೂರೂ ಒಂದೆಡೆ ಇದ್ದುದರಿಂದಲೇ ಇಲ್ಲಿ ಬಹು ಹಿಂದೆ ದೊಡ್ಡ ಊರು ಕಟ್ಟಿಕೊಂಡಿತು. ಊರಿನ ಪಕ್ಕದಲ್ಲಿ ರಣಮಂಡಲ ಎಂದು ಕರೆಯುವ ವಿಶಾಲವಾದ ಕೋಟೆಯ ಜಾಗವಿದೆ. ಇಂದಿನ ಹಳ್ಳಿಯ ಅಳತೆಗೆ ಅದು ಹೊಂದುವುದೇ ಇಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಇಲ್ಲಿದ್ದುದು ಹಳ್ಳಿಯಲ್ಲ, ಪಟ್ಟಣ ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಕು.

ತಿರುಗಿ ನೋಡಿದ ಮುನಿ

ಸನ್ನತಿಯ ಹೆಸರು ಜನರ ಬಾಯಲ್ಲಿ ಉಳಿದದ್ದು ಕೋಟೆಯಿಂದಲ್ಲ, ದೇವಿಯಿಂದ. ಚಂದ್ರಲಾ ಪರಮೇಶ್ವರಿ, ಚಂದ್ರಲಾಂಬೆ ಎಂದು ಕರೆಯುವ ಈ ದೇವಿ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ಅನೇಕ ಮನೆತನಗಳಿಗೆ ಕುಲದೇವತೆ.

ಸ್ಥಳಪುರಾಣ ಹೇಳುವ ಕಥೆ ಹೀಗಿದೆ. ಈ ಸೀಮೆಯನ್ನು ಸೇತುರಾಜನೆಂಬ ದುಷ್ಟ ಅರಸ ಆಳುತ್ತಿದ್ದ. ನಾರಾಯಣ ಮುನಿಯ ಹೆಂಡತಿ ಚಂದ್ರವದನೆಯನ್ನು ಅವನು ಹೊತ್ತೊಯ್ದು ಸೆರೆಯಲ್ಲಿಟ್ಟ. ಹೆಂಡತಿಯನ್ನು ಬಿಡಿಸಿಕೊಳ್ಳಲು ಬೇರೆ ದಾರಿ ಕಾಣದೆ ಮುನಿ ದೂರದ ಹಿಂಗುಲಾ ದೇವಿಯ ಮೊರೆಹೊಕ್ಕ. ಹಿಂಗುಲಾ ಎಂದರೆ ಇಂದು ಪಾಕಿಸ್ತಾನದ ಬಲೂಚಿಸ್ತಾನದಲ್ಲಿರುವ ಹಿಂಗ್ಲಾಜ್ ಶಕ್ತಿಪೀಠ. ದೇವಿ ಒಲಿದಳು, ನೀನು ಮುಂದೆ ನಡೆ, ನಾನು ಹಿಂದೆ ಬರುತ್ತೇನೆ, ಆದರೆ ತಿರುಗಿ ನೋಡಬೇಡ ಎಂದು ಕರಾರು ಹಾಕಿದಳು. ಗೆಜ್ಜೆಯ ಸದ್ದನ್ನು ನಂಬಿ ಮುನಿ ನಡೆದ. ಹೊನಗುಂಟಾದ ಬಳಿ ಸದ್ದು ನಿಂತಿತು. ಮುನಿ ತಿರುಗಿ ನೋಡಿದ. ದೇವಿ ಅಲ್ಲಿಯೇ ನಿಂತಳು. ಆದರೂ ಮಾತು ತಪ್ಪದೆ ದುಂಬಿಗಳ ರೂಪದಲ್ಲಿ ಸನ್ನತಿಯ ಅರಸನ ಮೇಲೆರಗಿದಳು. ಕಡಿತ ತಾಳದೆ ಓಡಿದ ಅರಸ ಭೀಮೆಗೆ ಬಿದ್ದು ಸತ್ತ. ಚಂದ್ರವದನೆಗೆ ಬಿಡುಗಡೆಯಾಯಿತು, ದೇವಿ ಅವಳ ಹೆಸರಿನಲ್ಲಿ ಅಲ್ಲಿಯೇ ನೆಲೆಸಿದಳು. ಸನ್ನತಿಯಲ್ಲಿ ದೇವಿಯ ಪಾದುಕೆಗಳಿಗೆ ವಿಶೇಷ ಗೌರವವಿರುವುದೂ ದುಂಬಿಗಳು ಆ ಪಾದುಕೆಗಳಿಂದಲೇ ಹೊರಟವೆಂಬ ನಂಬಿಕೆಯಿಂದ.

ಕನ್ನಡ ನಾಡಿನ ಓದುಗರಿಗೆ ಈ ಕಥೆಯ ತುಣುಕುಗಳು ಪರಿಚಿತ. ಗೆಜ್ಜೆಯ ಸದ್ದು ನಿಂತಾಗ ತಿರುಗಿ ನೋಡಿದ ಕಥೆಯನ್ನು ಕೊಲ್ಲೂರಿನಲ್ಲಿ ಶಂಕರಾಚಾರ್ಯರ ಬಗ್ಗೆ ಹೇಳುತ್ತಾರೆ. ದೇವಿ ದುಂಬಿಯಾಗಿ ಅರುಣಾಸುರನನ್ನು ಕೊಂದ ಕಥೆ ದಕ್ಷಿಣ ಕನ್ನಡದ ಕಟೀಲಿನದು. ಶ್ರೀಶೈಲದ ದೇವಿಯ ಹೆಸರೇ ಭ್ರಮರಾಂಬೆ. ಆದರೆ ಸನ್ನತಿಯ ಕಥೆಗೆ ತನ್ನದೇ ಆದ ಒಂದು ಗುಣವಿದೆ. ಕಟೀಲಿನಲ್ಲಿ ಸಾಯುವವನು ಅಸುರ, ಇಲ್ಲಿ ಸಾಯುವವನು ಅರಸ. ತನ್ನ ನಾಡಿನ ಹೆಣ್ಣುಮಗಳನ್ನು ಕಾಯಬೇಕಾದವನೇ ಕದ್ದ. ಅವನನ್ನು ಶಿಕ್ಷಿಸಲು ದೇವಿ ಬರಬೇಕಾಯಿತು. ಅರಸನಾದವನು ಪ್ರಜೆಗಳೊಡನೆ ಹೇಗಿರಬೇಕು ಎಂಬ ಪ್ರಶ್ನೆಯನ್ನು ಎತ್ತಿದ್ದು ಈ ಊರಿನಲ್ಲಿ ಪುರಾಣವೊಂದೇ ಅಲ್ಲ ಎಂಬುದು ಮುಂದೆ ಕಾಣುತ್ತದೆ.

ಘಟ, ಬನ್ನಿ, ತೇರು

ದೇವಿಯ ಗುಡಿಯ ವರ್ಷ ಹಬ್ಬಗಳಿಂದ ಅಳೆಯುವ ವರ್ಷ. ಮಂಗಳವಾರ, ಶುಕ್ರವಾರಗಳು ವಾರದ ದಿನಗಳಾದರೆ ನವರಾತ್ರಿ ವರ್ಷದ ದಿನ. ಈ ಸೀಮೆಯಲ್ಲಿ ನವರಾತ್ರಿ ಎಂದರೆ ಗೊಂಬೆ ಕೂರಿಸುವ ಹಬ್ಬವಲ್ಲ, ಘಟ ಕೂರಿಸುವ ಹಬ್ಬ. ಹೊಲದ ಎರೆಮಣ್ಣನ್ನು ತಂದು ಹರಡಿ, ನಡುವೆ ನೀರಿನ ಕೊಡವಿಟ್ಟು, ಸುತ್ತ ಕಾಳುಗಳನ್ನು ಬಿತ್ತುತ್ತಾರೆ. ಒಂಬತ್ತು ದಿನ ದೀಪ ಆರಬಾರದು. ಹತ್ತನೆಯ ದಿನದ ಹೊತ್ತಿಗೆ ಗೇಣುದ್ದ ಸಸಿ ಎದ್ದಿರುತ್ತದೆ. ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ ಬರುವ ಈ ಆಚರಣೆ, ಬೀಜ ಮೊಳೆಯುವುದನ್ನು ದೇವಿಯ ಎದುರಿನಲ್ಲಿ ನೋಡಿಕೊಳ್ಳುವ ರೈತರ ಹಬ್ಬವೂ ಹೌದು. ವಿಜಯದಶಮಿಯ ಸಂಜೆ ಬನ್ನಿಯ ಎಲೆ ಹಂಚಿಕೊಂಡು, ಹಿರಿಯರ ಕಾಲಿಗೆ ಬಿದ್ದು, ಹಳೆಯ ಜಗಳಗಳನ್ನು ಮರೆಯುತ್ತಾರೆ. 'ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು' ಎಂಬ ಮಾತು ಆ ಸಂಜೆ ಊರೂರಲ್ಲಿ ಕೇಳುತ್ತದೆ.

ಹೆಂಗಸರ ಪಾಲಿಗೆ ದೇವಿಯ ದರ್ಶನವೆಂದರೆ ಉಡಿ ತುಂಬುವುದು. ಕುಬಸದ ಖಣ, ತೆಂಗಿನಕಾಯಿ, ಎಲೆ ಅಡಿಕೆ, ಅರಿಷಿಣದ ಕೊಂಬು, ಅಕ್ಕಿ ಇಷ್ಟಾದರೆ ಸಾಕು. ತವರುಮನೆಗೆ ಬಂದ ಮಗಳಿಗೆ ಮಾಡುವ ಉಪಚಾರವೇ ದೇವಿಗೂ. ಚಂದ್ರವದನೆಯ ಕಥೆಯನ್ನು ನೆನೆದರೆ ಈ ಆಚರಣೆಗೆ ಇನ್ನೊಂದು ಅರ್ಥ ಬರುತ್ತದೆ: ಸೆರೆಯಿಂದ ಮನೆಗೆ ಮರಳಿದವಳ ಉಡಿಯನ್ನು ಊರೇ ತುಂಬುತ್ತಿದೆ.

ರಥೋತ್ಸವದ ದಿನ ಹಳ್ಳಿಯ ಚಹರೆಯೇ ಬೇರೆ. ಈ ಭಾಗದ ಜಾತ್ರೆಗಳಲ್ಲಿ ಭಕ್ತರು ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಬಳೆಯವರು, ಮಿಠಾಯಿಯವರು, ಆಟಿಕೆಯವರು ಅಂಗಡಿ ಹೂಡುತ್ತಾರೆ. ನದಿಯ ಎರಡೂ ದಂಡೆಗಳ ಜನ ಸೇರುತ್ತಾರೆ. ಹೆಣ್ಣು ಗಂಡು ನೋಡುವುದು, ಸಾಲದ ಲೆಕ್ಕ ಚುಕ್ತಾ ಮಾಡುವುದು, ಬೀಗರ ಭೇಟಿ ಎಲ್ಲಕ್ಕೂ ಜಾತ್ರೆಯೇ ಜಾಗ. ಒಂದು ಊರಿನ ದೇವರು ಒಂದು ಸೀಮೆಯ ದೇವರಾಗುವುದು ಹೀಗೆ.

ಕಲ್ಲಿನಲ್ಲಿ ಏನಿತ್ತು?

ಈಗ ಪೀಠದ ಕಲ್ಲಿಗೆ ಮರಳೋಣ. ಕರ್ನಾಟಕದಲ್ಲಿ ಅಶೋಕನ ಶಾಸನಗಳು ಹೊಸತಲ್ಲ. ಬಿ.ಎಲ್. ರೈಸ್ ಅವರು 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬೆಳಕಿಗೆ ತಂದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನ ಅಶೋಕ ಎಂಬ ಹೆಸರನ್ನೇ ಹೇಳಿ, ಉಳಿದೆಡೆ 'ದೇವಾನಾಂಪ್ರಿಯ' ಎಂದು ಕರೆದುಕೊಂಡ ಅರಸ ಇವನೇ ಎಂಬುದನ್ನು ಖಚಿತಪಡಿಸಿತು. ಕೊಪ್ಪಳ, ನಿಟ್ಟೂರು, ಉಡೇಗೊಳಗಳಲ್ಲೂ ಶಾಸನಗಳಿವೆ. ಆದರೆ ಇವೆಲ್ಲ ಕಿರು ಶಿಲಾಶಾಸನಗಳು. ಹದಿನಾಲ್ಕು ಶಾಸನಗಳ ಸರಣಿಯಾದ ಹಿರಿಯ ಶಿಲಾಶಾಸನಗಳ ಭಾಗ ಕರ್ನಾಟಕದಲ್ಲಿ ಸಿಕ್ಕಿರುವುದು ಸನ್ನತಿಯಲ್ಲಿ ಮಾತ್ರ. ಉಳಿದ ಕಡೆ ಬೆಟ್ಟದ ಬಂಡೆಯ ಮೇಲೆ ಕೆತ್ತಿದ್ದರೆ ಇಲ್ಲಿ ಕಡಿದು ನಿಲ್ಲಿಸಿದ ಚಪ್ಪಡಿಯ ಮೇಲೆ ಕೆತ್ತಿದ್ದಾರೆ. ಭಾಷೆ ಪ್ರಾಕೃತ.

ಚಪ್ಪಡಿಯ ಒಂದು ಮೈಯಲ್ಲಿ ಸರಣಿಯ 12 ಮತ್ತು 14ನೆಯ ಶಾಸನಗಳಿವೆ. ಇನ್ನೊಂದು ಮೈಯಲ್ಲಿ 'ಪ್ರತ್ಯೇಕ ಶಾಸನಗಳು' ಎಂದು ವಿದ್ವಾಂಸರು ಕರೆಯುವ ಎರಡು ಶಾಸನಗಳಿವೆ. 13ನೆಯದು ಎಲ್ಲಿ ಹೋಯಿತು? ಕಳಿಂಗ ಯುದ್ಧದಲ್ಲಿ ಆದ ಸಾವುನೋವುಗಳನ್ನು ಎಣಿಸಿ ಪಶ್ಚಾತ್ತಾಪಪಡುವ ಪ್ರಸಿದ್ಧ ಶಾಸನ ಅದು. ಕಳಿಂಗದಲ್ಲೇ, ಅಂದರೆ ಇಂದಿನ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ, ಅದನ್ನು ಕೆತ್ತಿಸಲಿಲ್ಲ. ಬದಲಿಗೆ ಪ್ರತ್ಯೇಕ ಶಾಸನಗಳನ್ನು ಹಾಕಿಸಿದರು. ಸನ್ನತಿಯ ಕಲ್ಲು ಸಿಗುವವರೆಗೆ ಪ್ರತ್ಯೇಕ ಶಾಸನಗಳು ಕಳಿಂಗಕ್ಕೇ ಮೀಸಲು ಎಂದು ತಿಳಿಯಲಾಗಿತ್ತು. ಭೀಮಾತೀರದ ಈ ಕಲ್ಲು ಆ ತಿಳಿವಳಿಕೆಯನ್ನು ತಿದ್ದಿತು.

ಪ್ರತ್ಯೇಕ ಶಾಸನಗಳು ಅಧಿಕಾರಿಗಳಿಗೆ ಬರೆದ ಸೂಚನೆಗಳು. ಪ್ರಜೆಗಳೆಲ್ಲ ತನ್ನ ಮಕ್ಕಳಂತೆ. ಮಕ್ಕಳಿಗೆ ಬಯಸುವ ಒಳಿತನ್ನೇ ಅವರಿಗೂ ಬಯಸುತ್ತೇನೆ ಎಂಬುದು ಅರಸನ ಮಾತಿನ ಸಾರ. ಯಾರನ್ನೂ ಕಾರಣವಿಲ್ಲದೆ ಸೆರೆಯಲ್ಲಿಡಬಾರದು, ಹಿಂಸಿಸಬಾರದು. ಸಿಟ್ಟು, ಆಲಸ್ಯ, ಅವಸರಗಳಿಂದ ನ್ಯಾಯ ಕೆಡುತ್ತದೆ. ಗಡಿಯಾಚೆಯ ಜನ ತನಗೆ ಹೆದರಬಾರದು ಎಂದು ಎಚ್ಚರಿಸುತ್ತಾನೆ. ಹೆಣ್ಣುಮಗಳನ್ನು ಸೆರೆಯಲ್ಲಿಟ್ಟ ಸೇತುರಾಜನ ಕಥೆ ಹೇಳುವ ಊರಿನಲ್ಲಿ, ಅನ್ಯಾಯದ ಸೆರೆ ಬೇಡವೆಂದ ಅರಸನ ಮಾತು ಗುಡಿಯ ಪೀಠದಲ್ಲಿಯೇ ಇತ್ತು. ಪುರಾಣಕ್ಕೂ ಶಾಸನಕ್ಕೂ ನಂಟು ಕಲ್ಪಿಸುವುದು ಸಲ್ಲದು. ಆದರೆ ಆಳುವವರನ್ನು ಅಳೆಯಲು ಜನ ಬಳಸಿದ ಕೋಲು ಎರಡರಲ್ಲೂ ಒಂದೇ.

12ನೆಯ ಶಾಸನದ ವಿಷಯ ಮತಗಳ ನಡುವಿನ ನಡವಳಿಕೆ. ತನ್ನ ಮತವನ್ನು ಹೊಗಳಿ ಇತರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ. ಮಾತಿನಲ್ಲಿ ಹಿಡಿತವಿರಬೇಕು, ಇತರರ ಧರ್ಮವನ್ನೂ ಕೇಳಿ ತಿಳಿಯಬೇಕು ಎಂಬುದು ಅದರ ತಿರುಳು. ಕಾಳಿಯ ವಿಗ್ರಹ ನಿಂತಿದ್ದದ್ದು ಈ ಮಾತುಗಳ ಮೇಲೆ.

ಓದಲಾಗದ ಅಕ್ಷರ

ಕಲ್ಲಿನ ನಡುವೆ ವಿಗ್ರಹವನ್ನು ಕೂರಿಸಲು ಚೌಕಾಕಾರದ ತೂತು ಕೊರೆದಿದ್ದಾರೆ. ಅದರಿಂದ ಬರಹದ ಒಂದು ಭಾಗ ಹೋಯಿತು. ಇದನ್ನು ಕಂಡು, ಒಂದು ಮತದವರು ಇನ್ನೊಂದು ಮತದ ಗುರುತನ್ನು ಬೇಕೆಂದೇ ಅಳಿಸಿದರು ಎಂದು ತೀರ್ಪು ಕೊಡುವುದು ಸುಲಭ. ಆದರೆ ಅಳಿಸಬೇಕೆಂದಿದ್ದವರು ಅಕ್ಷರಗಳನ್ನು ಉಳಿಯಿಂದ ಕೆತ್ತಿ ತೆಗೆಯುತ್ತಿದ್ದರು. ಇಲ್ಲಿ ಬೇಕಾದಷ್ಟೇ ತೂತು ಕೊರೆದು ಉಳಿದದ್ದನ್ನು ಹಾಗೆಯೇ ಬಿಟ್ಟಿದ್ದಾರೆ. ಕೊರೆದವರಿಗೆ ಅದು ಗಟ್ಟಿಯಾದ, ಸಮತಟ್ಟಾದ ಹಳೆಯ ಕಲ್ಲು; ಅದರ ಮೇಲಿನದು ಗೊತ್ತಿಲ್ಲದ ಗೀಟು.

ಈ ಮರೆವು ಸನ್ನತಿಗೆ ಸೀಮಿತವಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ ಅಶೋಕನ ಕಂಬವೊಂದನ್ನು ಬಹು ಪ್ರಯಾಸದಿಂದ ರಾಜಧಾನಿಗೆ ತರಿಸಿ ನಿಲ್ಲಿಸಿದ. ಅದರ ಮೇಲಿನ ಬರಹವನ್ನು ಓದಬಲ್ಲ ಒಬ್ಬನೂ ಅವನಿಗೆ ಸಿಗಲಿಲ್ಲ. ಕಡೆಗೆ 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದ. ವಿಚಿತ್ರವೆಂದರೆ ನಾವು ಇಂದು ಬರೆಯುವ ಕನ್ನಡ ಅಕ್ಷರಗಳೂ ಇದೇ ಬ್ರಾಹ್ಮಿಯ ಸಂತಾನ. ಅಡ್ಡಗೆರೆಯೊಂದನ್ನು ಉದ್ದಗೆರೆ ಕತ್ತರಿಸುವ ಕೂಡುಚಿಹ್ನೆಯಂಥ 'ಕ'ಕಾರವೇ ಶತಮಾನಗಳಲ್ಲಿ ಬಾಗಿ ಬಳುಕಿ ನಮ್ಮ 'ಕ' ಆಯಿತು. ಮೊಮ್ಮಕ್ಕಳು ಅಜ್ಜನ ಗುರುತು ಮರೆತಂತೆ ನಾಡು ತನ್ನ ಮೂಲ ಲಿಪಿಯನ್ನು ಮರೆತಿತ್ತು.

ಮರೆತರೂ ಇಂಥ ಬಂಡೆಗಳನ್ನು ಜನ ಬಿಟ್ಟಿರಲಿಲ್ಲ. ಬ್ರಹ್ಮಗಿರಿಯ ಶಾಸನದ ಬಂಡೆಯನ್ನು ಸುತ್ತಲಿನವರು 'ಅಕ್ಷರಗುಂಡು' ಎನ್ನುತ್ತಿದ್ದರು. ಜಟಿಂಗ ರಾಮೇಶ್ವರದ ಬಂಡೆ 'ಬಳೆಗಾರ ಗುಂಡು'; ಜಾತ್ರೆಯ ದಿನ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ ಆ ಹೆಸರು. ಅಲ್ಲಿಯೂ ಬರಹ ಸವೆದಿದೆ. ಜನರ ಬಳಕೆಯೇ ಕಲ್ಲನ್ನು ಸವೆಸಿದೆ. ಜನರ ಬಳಕೆಯೇ ಅದನ್ನು ಉಳಿಸಿಯೂ ಇದೆ. ಸನ್ನತಿಯ ಚಪ್ಪಡಿ ಪೀಠವಾಗದೆ ಹೊಲದ ಬದುವಿನಲ್ಲೋ ಮನೆಯ ಗೋಡೆಯಲ್ಲೋ ಸೇರಿದ್ದರೆ ಇಷ್ಟಾದರೂ ಉಳಿಯುತ್ತಿತ್ತೇ ಎಂದು ಯೋಚಿಸಬೇಕು.

ರಾಯೋ ಅಸೋಕೋ

ಸನ್ನತಿಯ ಹಳಮೆ 1986ರಲ್ಲಿ ಏಕಾಏಕಿ ತಿಳಿದದ್ದಲ್ಲ. 1954ರಲ್ಲಿಯೇ ಸಂಶೋಧಕ ಕಪಟರಾಳ ಕೃಷ್ಣರಾಯರು ಇಲ್ಲಿನ ಬೌದ್ಧ ಅವಶೇಷಗಳನ್ನು ಗುರುತಿಸಿದ್ದರು. ಶಾಸನತಜ್ಞ ಪಿ.ಬಿ. ದೇಸಾಯಿ ಇಲ್ಲಿಯ ಬ್ರಾಹ್ಮೀ ಬರಹಗಳನ್ನು ಅಭ್ಯಾಸ ಮಾಡಿದರು. ಅರವತ್ತರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅನ್ವೇಷಣೆ ನಡೆಸಿದರು. ಸತ್ತವರ ನೆನಪಿಗೆ ನಿಲ್ಲಿಸಿದ ಶಿಲ್ಪಗಳುಳ್ಳ ಚಪ್ಪಡಿಗಳೂ ಇಲ್ಲಿ ಸಿಕ್ಕಿವೆ. ಇವು ನಮ್ಮ ವೀರಗಲ್ಲುಗಳಿಗೆ ಎಷ್ಟೋ ಹಿರಿಯವು.

ಶಾಸನ ಸಿಕ್ಕ ಮೇಲೆ ಕೆಲಸ ಬಿರುಸಾಯಿತು. 1994ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಸನ್ನತಿಗೆ ಸುಮಾರು ಮೂರು ಕಿಲೋಮೀಟರ್ ದೂರದ ಕನಗನಹಳ್ಳಿಯಲ್ಲಿ ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಉತ್ಖನನ ಮಾಡಿತು. ಅಲ್ಲಿ ಕುಸಿದುಬಿದ್ದ ಮಹಾಸ್ತೂಪ ಸಿಕ್ಕಿತು. ಅಲ್ಲಿಯ ಬರಹಗಳೇ ಅದನ್ನು 'ಅಧೋಲೋಕ ಮಹಾಚೈತ್ಯ' ಎಂದು ಕರೆಯುತ್ತವೆ. ಸುಣ್ಣಕಲ್ಲಿನ ಫಲಕಗಳ ಮೇಲೆ ಬುದ್ಧನ ಜೀವನ, ಜಾತಕ ಕಥೆಗಳು, ಶಾತವಾಹನ ಅರಸರು. ಒಂದು ಫಲಕದಲ್ಲಿ ಅರಸ, ಅರಸಿ, ಚಾಮರ ಬೀಸುವ ಹೆಂಗಸರು. ಅದರ ಮೇಲೆ ಬ್ರಾಹ್ಮಿಯಲ್ಲಿ ಎರಡೇ ಪದ: 'ರಾಯೋ ಅಸೋಕೋ'. ಹೆಸರು ಕೆತ್ತಿದ ಅಶೋಕನ ಪ್ರತಿಮೆ ಸಿಕ್ಕಿದ್ದು ಅದೇ ಮೊದಲು. ಅಶೋಕ ಸತ್ತು ಕೆಲವು ಶತಮಾನಗಳಾದ ಮೇಲೆ ಕೆತ್ತಿದ ಈ ಚಿತ್ರ ಅವನ ನಿಜರೂಪವಲ್ಲ. ಆದರೆ ಭೀಮಾತೀರದ ಜನ ಆಗಲೂ ಅವನನ್ನು ಹೆಸರಿಟ್ಟು ನೆನೆಯುತ್ತಿದ್ದರು ಎಂಬುದಕ್ಕೆ ದಾಖಲೆ.

ಸ್ತೂಪದ ಫಲಕಗಳನ್ನು ದಾನ ಕೊಟ್ಟವರ ಹೆಸರುಗಳೂ ಅಲ್ಲಿವೆ. ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು, ಹೆಂಗಸರು ತಮ್ಮ ಶಕ್ತಿಯಷ್ಟು ಕಲ್ಲು ಕೊಡಿಸಿದ್ದಾರೆ. ಇಂದಿನ ಗುಡಿಗಳಲ್ಲಿ ಮೆಟ್ಟಿಲ ಮೇಲೆ, ಗಂಟೆಯ ಮೇಲೆ ಹರಕೆ ಹೊತ್ತವರು ಹೆಸರು ಬರೆಸುವುದನ್ನು ಕಂಡವರಿಗೆ ಇದು ಅಪರಿಚಿತವೇನಲ್ಲ. ದೇವರು ಬದಲಾಗಿದ್ದಾರೆ, ಕೊಡುವ ಕೈಯ ರೀತಿ ಬದಲಾಗಿಲ್ಲ.

ಕೇಳಿಸಬೇಕಾದ ಕಲ್ಲು

ಉತ್ಖನನ ಮುಗಿದ ಮೇಲೆ ಕನಗನಹಳ್ಳಿಯ ಫಲಕಗಳು ಬಹುಕಾಲ ಬಿಸಿಲು ಮಳೆಗೆ ಮೈಯೊಡ್ಡಿ ಬಿದ್ದಿದ್ದವು. ಸ್ಥಳವನ್ನು ಮತ್ತೆ ಕಟ್ಟಿ ನಿಲ್ಲಿಸುವ ಸಂರಕ್ಷಣಾ ಕಾರ್ಯಕ್ಕೆ ಪುರಾತತ್ವ ಇಲಾಖೆ ಕೈಹಚ್ಚಿದ್ದು 2022ರಲ್ಲಿ. ಉತ್ಖನನ ಆರಂಭವಾಗಿ ಆ ಹೊತ್ತಿಗೆ 28 ವರ್ಷಗಳಾಗಿದ್ದವು. ಇಷ್ಟೂ ಕಾಲ ಚಂದ್ರಲಾಂಬೆಯ ಗುಡಿಯಲ್ಲಿ ಪೂಜೆ ನಿಲ್ಲಲಿಲ್ಲ, ಭಕ್ತರು ಬರುವುದು ತಪ್ಪಲಿಲ್ಲ. ಸ್ಮಾರಕಕ್ಕೆ ಬೇಲಿ, ಫಲಕ, ಕಾವಲುಗಾರ ಬೇಕು. ಗುಡಿಯನ್ನು ಕಾಯುವುದು ಹಬ್ಬ. ಆದರೆ ಹಬ್ಬದ ಜನಕ್ಕೆ ಪಕ್ಕದ ಕಲ್ಲಿನ ಮಾತು ತಿಳಿಯದಿದ್ದರೆ ಮತ್ತೊಂದು ಅಕ್ಷರಗುಂಡು, ಮತ್ತೊಂದು ಬಳೆಗಾರ ಗುಂಡು ಆಗಲು ತಡವಾಗದು.

ಇದಕ್ಕೆ ದಾರಿ ಶಾಸನದಲ್ಲಿಯೇ ಇದೆ. ಧೌಲಿ, ಜೌಗಡಗಳ ಪ್ರತ್ಯೇಕ ಶಾಸನಗಳ ಕೊನೆಯಲ್ಲಿ ಅಶೋಕ ಒಂದು ಏರ್ಪಾಡು ಹೇಳುತ್ತಾನೆ. ಈ ಬರಹವನ್ನು ತಿಷ್ಯ ನಕ್ಷತ್ರದ ದಿನ ಎಲ್ಲರಿಗೂ ಓದಿ ಕೇಳಿಸಬೇಕು. ನಡುವಿನ ದಿನಗಳಲ್ಲೂ ಕೇಳಿಸಬೇಕು. ಕೇಳುವವನು ಒಬ್ಬನೇ ಇದ್ದರೂ ಓದಬೇಕು. ತಿಷ್ಯವೆಂದರೆ ನಮ್ಮ ಪಂಚಾಂಗದ ಪುಷ್ಯ. ಅಂದರೆ ಈ ಕಲ್ಲಿಗೂ ಒಂದು ತಿಥಿ ನಕ್ಷತ್ರವಿತ್ತು, ಜನ ಕೂಡುವ ದಿನವಿತ್ತು. ಓದು ಬಾರದ ಜನರ ನಾಡಿನಲ್ಲಿ ಶಾಸನ ಎಂದರೆ ನೋಡುವ ವಸ್ತುವಲ್ಲ, ಕಿವಿಗೆ ಬೀಳಬೇಕಾದ ಮಾತು ಎಂಬುದು ಅರಸನಿಗೆ ತಿಳಿದಿತ್ತು.

ಹೀಗಿರುವಾಗ ಸನ್ನತಿಗೆ ಬೇಕಾದದ್ದು ದೊಡ್ಡ ಯೋಜನೆಯೊಂದೇ ಅಲ್ಲ. ನವರಾತ್ರಿಗೆ, ತೇರಿಗೆ ಜನ ಹೇಗೂ ಬರುತ್ತಾರೆ. ಉಡಿ ತುಂಬಿ ಹೊರಬಂದ ಹೆಣ್ಣುಮಗಳಿಗೆ, ತೇರಿಗೆ ಉತ್ತತ್ತಿ ಎಸೆದು ನಿಂತ ರೈತನಿಗೆ, ಆ ಕಲ್ಲಿನ ಮೇಲೆ ಏನು ಬರೆದಿತ್ತು ಎಂಬುದನ್ನು ಅವರದೇ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವವರು ಒಬ್ಬರಿದ್ದರೆ ಸಾಕು. ಅಂಥ ಓದಿಗೆ ಇಪ್ಪತ್ತು ನಿಮಿಷವೂ ಬೇಡ. ಕಾಳಿಯ ಪೀಠವಾಗಿ ಅಷ್ಟು ಕಾಲ ಮೌನವಾಗಿದ್ದ ಕಲ್ಲು, ತಾನು ಕೇಳಿಕೊಂಡಿದ್ದ ಹಾಗೆ, ಮತ್ತೆ ಒಂದು ಹಬ್ಬದ ದಿನ ಜನರ ಕಿವಿಗೆ ಬೀಳುತ್ತದೆ.